ಉಡುಪಿ ಹೈಸ್ಕೂಲಿನ ವ್ಯಾಯಾಮ ಮೇಷ್ಟ್ರು

ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು ಬಾಸೆಲ್ ಮಿಷನ್ ಪರಂಪರೆಯ ಶಾಲೆ. ಅಲ್ಲಿ ಪಾಠ ಹೇಳಿದವರಲ್ಲಿ ಕನ್ನಡ ಎಂದೂ ಮರೆಯಬಾರದ ಹೆಸರು ನಂದಳಿಕೆ ಲಕ್ಷ್ಮೀನಾರಣಪ್ಪ. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಇವರ ಓದು ಬಡತನದಿಂದ ಅರ್ಧಕ್ಕೇ ನಿಂತಿತು. ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಮೇಷ್ಟ್ರಾದರು. ಕುಂದಾಪುರದಲ್ಲೂ ಕಲಿಸಿದರು. ಮಕ್ಕಳಿಗೆ ಕವಾಯತು ಮಾಡಿಸುತ್ತಿದ್ದ ಇವರೇ ಕವಿ ‘ಮುದ್ದಣ’.

‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ರಾಮಾಶ್ವಮೇಧ’ಗಳನ್ನು ಹಳೆಯ ಕವಿಯ ಕೃತಿಗಳೆಂಬಂತೆ ಮೈಸೂರಿನ ಸಾಹಿತ್ಯ ಪತ್ರಿಕೆಗಳಿಗೆ ಕಳಿಸಿದರು. ಓದುಗರು ನಂಬಿದರು. ‘ರಾಮಾಶ್ವಮೇಧ’ದಲ್ಲಿ ಮುದ್ದಣ ಮಳೆಗಾಲದಲ್ಲಿ ಹೆಂಡತಿ ಮನೋರಮೆಗೆ ಕಥೆ ಹೇಳುವ, ಅವಳು ನಡುನಡುವೆ ತಡೆದು ಕೇಳುವ ಆ ಸರಸ ಸಂಭಾಷಣೆಗೆ ಹಳಗನ್ನಡ ಗದ್ಯದಲ್ಲಿ ಸಾಟಿಯಿಲ್ಲ. 1901ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲೇ, ಕ್ಷಯ ಇವರನ್ನು ಬಲಿ ತೆಗೆದುಕೊಂಡಿತು. ಆ ಕೃತಿಗಳ ಕರ್ತೃ ಯಾರೆಂಬ ನಿಜ ಲೋಕಕ್ಕೆ ತಿಳಿದದ್ದು ಆಮೇಲೆ. ‘ರತ್ನಾವತಿ ಕಲ್ಯಾಣ’, ‘ಕುಮಾರವಿಜಯ’ ಇವರ ಯಕ್ಷಗಾನ ಪ್ರಸಂಗಗಳು.