ಯಾವುದು ಮೊದಲೋ ಅದು

ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಸಂಬಳ ಎಣಿಸೋ ನಮ್ಮಂಥವರಿಗೆ ಒಂದು ಕಾಯಿಲೆ ಇದೆ. ಊರಲ್ಲಿ ಯಾರಾದರೂ ಏನಾದರೂ ಕೊಳ್ಳೋಕೆ ಹೊರಟರೆ ಸಾಕು, "ಇರಿ, ನಾನು ಬರ್ತೀನಿ, ನಿಮಗೆ ಗೊತ್ತಾಗಲ್ಲ" ಅಂತ ಮೂಗು ತೂರಿಸೋದು. ಸಂಕ್ರಾಂತಿಗೆ ಎರಡು ದಿನ ಮುಂಚೆ ಅಕ್ಕ ಫೋನ್ ಮಾಡಿದಾಗ ನಾನು ಮಾಡಿದ್ದೂ ಅದನ್ನೇ.

"ನಿಮ್ ಭಾವನ ಗಾಡಿ ವಾರಂಟಿ ಮುಗೀತಾ ಬಂತಂತೆ ಕಣೋ. ಶೋರೂಮಿನವರು ದಿನಾ ಫೋನ್ ಮಾಡ್ತಾವ್ರೆ, ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಿ ಅಂತ. ಇವರು ಹೂಂ ಅನ್ನಲ್ಲ, ಊಹೂಂ ಅನ್ನಲ್ಲ."

"ಹಬ್ಬಕ್ಕೆ ಬರ್ತೀನಲ್ಲ, ನಾನು ಮಾತಾಡ್ತೀನಿ ಬಿಡು" ಅಂದೆ.

ನಮ್ಮ ಭಾವ ಇರೋದು ತಿ. ನರಸೀಪುರದ ಪಕ್ಕದ ಹಳ್ಳಿಯಲ್ಲಿ, ಕೆಲಸ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ. ಕಂಟ್ರ್ಯಾಕ್ಟ್ ಕೆಲಸ, ಹೋದ ದಿನಕ್ಕೆ ಮಾತ್ರ ಕೂಲಿ. ಬೆಳಿಗ್ಗೆ 6ರ ಶಿಫ್ಟು ಬಿದ್ದ ವಾರ ಮನೆ ಬಿಡೋದು ನಾಲ್ಕೂ ಮುಕ್ಕಾಲಿಗೆ. ಆ ಹೊತ್ತಿಗೆ ಅವರ ಊರಿಂದ ಬಸ್ಸಿಲ್ಲ. ಹಿಂದಿನ ವರ್ಷಕ್ಕೂ ಹಿಂದಿನ ಆಯುಧಪೂಜೆಗೆ ಸಾಲ ಮಾಡಿ ತಗೊಂಡ 125 ಸಿಸಿ ಗಾಡಿಯೇ ಅವರ ಬಸ್ಸು. ಕಂತು 36 ತಿಂಗಳು.

ನಾನು ಬೆಂಗಳೂರಿಂದಲೇ ಪೂರ್ವಸಿದ್ಧತೆ ಮಾಡಿಕೊಂಡೆ. ಎರಡೂ ಊರಿನ ಶೋರೂಮಿಗೆ ಫೋನ್ ಹಾಕಿ ರೇಟು ಕೇಳಿದೆ, ಎಕ್ಸೆಲ್ ಶೀಟಿನಲ್ಲಿ ತುಂಬಿದೆ. ಗಾಡಿಗೆ ಕಂಪನಿ ಕೊಟ್ಟಿರೋ ವಾರಂಟಿ 3 ವರ್ಷ ಅಥವಾ 30,000 ಕಿಲೋಮೀಟರ್, ಯಾವುದು ಮೊದಲೋ ಅದು. ಅದರ ಮೇಲೆ ಎರಡು ಪ್ಲಾನ್. ಒಂದು, ಇನ್ನೂ 2 ವರ್ಷ ಅಥವಾ 20,000 ಕಿ.ಮೀ. ಇನ್ನೊಂದು, 3 ವರ್ಷ ಅಥವಾ 40,000 ಕಿ.ಮೀ. ನಂಜನಗೂಡಿನವರು ಹೇಳಿದ ರೇಟು ಮೊದಲನೆಯದಕ್ಕೆ 2,000 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 2,360. ಎರಡನೆಯದಕ್ಕೆ ತೆರಿಗೆ ಸೇರಿ 3,540. ಭಾಗಿಸಿ ನೋಡಿದರೆ ಎರಡೂ ವರ್ಷಕ್ಕೆ 1,180 ರೂಪಾಯಿಯೇ. ಹಾಗಾಗಿ ಚಿಕ್ಕದನ್ನು ತಗೊಂಡು, ಇಬ್ಬರು ಡೀಲರುಗಳನ್ನೂ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ, 2,000ದ ಒಳಗೆ ಮುಗಿಸೋದು ಅಂತ ನನ್ನ ಪ್ಲಾನ್.

ಹಬ್ಬ ಮುಗಿದ ಶನಿವಾರ ಭಾವನಿಗೆ ರಜೆ. ಮೊದಲು ನರಸೀಪುರದ ಶೋರೂಮಿಗೇ ಹೋದೆವು. ಶೋರೂಮು ಅಂದರೆ ಎರಡು ಶಟರಿನ ಅಂಗಡಿ, ಮುಂದೆ ನಾಲ್ಕು ಗಾಡಿ, ಹಿಂದೆ ಸರ್ವೀಸ್. ತಾಲ್ಲೂಕು ಕೇಂದ್ರಗಳಲ್ಲಿ ಇಂಥವು ಬಹಳ. ಬೋರ್ಡಿನಲ್ಲಿ ಕಂಪನಿಯ ಹೆಸರಿರುತ್ತೆ, ಆದರೆ ಅವರು ಸಬ್ ಡೀಲರ್. ಅಲ್ಲಿದ್ದ ಹುಡುಗನಿಗೆ ಭಾವನ ಪರಿಚಯ.

"ಬನ್ನಿ ಅಣ್ಣ, ಟೀ ತರಿಸ್ಲಾ?"

ನಾನು ನೇರ ವ್ಯಾಪಾರಕ್ಕಿಳಿದೆ. ನಂಜನಗೂಡಲ್ಲಿ ಇಷ್ಟು ಹೇಳ್ತಾ ಇದ್ದಾರೆ, ನೀವೆಷ್ಟು ಕೊಡ್ತೀರಿ? ಹುಡುಗ ಕ್ಯಾಲ್ಕುಲೇಟರ್ ತೆಗೆದು ಏನೇನೋ ಒತ್ತಿ, "ನಿಮಗೋಸ್ಕರ 2,100. ದೊಡ್ಡದಾದ್ರೆ 3,200" ಅಂದ. ಒಂದೇ ನಿಮಿಷದಲ್ಲಿ 260 ರೂಪಾಯಿ ಇಳಿದಿತ್ತು! ಎಷ್ಟು ಸಲೀಸಾಗಿ ಇಳೀತು ಅಂದರೆ, ಇದರಲ್ಲಿ ಅವರಿಗೆ ಉಳಿಯೋದು ಎಷ್ಟಿರಬೇಕು ಅಂತ ಲೆಕ್ಕ ಹಾಕ್ತಾ ಕೂತೆ. ಹತ್ತು ರೂಪಾಯಿಯ ಸೋಪಿನ ಮೇಲೂ ಎಂಆರ್‌ಪಿ ಅಚ್ಚಾಗಿರುತ್ತೆ. ಈ ವಾರಂಟಿ ಅನ್ನೋದಕ್ಕೆ ಪೊಟ್ಟಣವೇ ಇಲ್ಲ, ಅಚ್ಚು ಹಾಕೋದೆಲ್ಲಿ? ಇನ್ನೊಂದು ನೂರು ಇಳಿಸಿ ಅನ್ನೋದರೊಳಗೆ ಭಾವ ಬಾಯಿ ಬಿಟ್ಟರು.

"ಸರ್ಟಿಫಿಕೇಟು ಯಾವತ್ತು ಕೊಡ್ತೀಯಪ್ಪ?"

"ಒಂದ್ ವಾರ, ಹತ್ತ್ ದಿನ ಅಣ್ಣ. ಮೈನ್ ಡೀಲರ್ ಹತ್ರ ಎಂಟ್ರಿ ಆಗಿ ಬರ್ಬೇಕಲ್ಲ."

"ಆಮೇಲೆ ಏನಾದ್ರು ಕೆಟ್ರೆ?"

"ಇಲ್ಲೇ ತನ್ನಿ. ಕ್ಲೇಮ್ ನಾವು ಅಲ್ಲಿಗ್ ಕಳಿಸ್ತೀವಿ, ಅವರು ಓಕೆ ಮಾಡಿದ್ರೆ ಪಾರ್ಟ್ ಬತ್ತದೆ."

"ಆಯ್ತು, ನಂಜನಗೂಡಲ್ಲೂ ಕೇಳ್ಕೊಂಡ್ ಬತ್ತೀವಿ" ಅಂತ ಭಾವ ಎದ್ದೇಬಿಟ್ಟರು. ನನಗೆ ಪಿತ್ತ ನೆತ್ತಿಗೇರಿತು. ವ್ಯಾಪಾರ ಇನ್ನೇನು ಕುದುರೋ ಹೊತ್ತಿಗೆ ಎದ್ದು ಹೋಗೋದು ಅಂದ್ರೆ!

ಹಿಂದೆ ಕೂತು ನಂಜನಗೂಡಿನ ದಾರಿ ಹಿಡಿದೆ. ರಸ್ತೆ ತುಂಬ ಹುರುಳಿ ಒಕ್ಕಣೆ. ಗಿಡಗಳನ್ನು ಡಾಂಬರಿನ ಮೇಲೇ ಹರಡಿ, ಹೋಗೋ ಬರೋ ಗಾಡಿಗಳ ಚಕ್ರದಲ್ಲೇ ಕಾಳು ಬಿಡಿಸಿಕೊಳ್ಳೋ ನಮ್ಮ ಕಡೆಯ ಪದ್ಧತಿ. ಬೈಕಿನವರಿಗೆ ಅದು ಜೀವಕ್ಕೆ ಸಂಚಕಾರ, ಸೊಪ್ಪು ಚೈನಿಗೆ ಸುತ್ತಿಕೊಳ್ಳುತ್ತೆ. ಮಧ್ಯೆ ಮಧ್ಯೆ ಕಬ್ಬಿನ ಟ್ರ್ಯಾಕ್ಟರು. ಈ ದಾರಿಯಲ್ಲಿ ಭಾವ ಹೋಗಿಬರೋದು ದಿನಕ್ಕೆ 65 ಕಿ.ಮೀ. ಪೆಟ್ರೋಲಿಗೇ ದಿನಕ್ಕೆ 130 ರೂಪಾಯಿ ಮೇಲೆ. ಇಷ್ಟೆಲ್ಲ ನನಗೆ ಮೊದಲೇ ಗೊತ್ತಿದ್ದದ್ದೇ. ಗೊತ್ತಿದ್ದೂ ಶೀಟಿನಲ್ಲಿ ತುಂಬಿರಲಿಲ್ಲ.

ನಂಜನಗೂಡಲ್ಲಿ ಟೀ ಕುಡಿಯೋಕೆ ನಿಲ್ಲಿಸಿದಾಗ ಮೊಬೈಲಿನಲ್ಲಿ ನನ್ನ ಎಕ್ಸೆಲ್ ತೋರಿಸಿದೆ. ಭಾವ ಕಣ್ಣು ಕಿರಿದು ಮಾಡಿಕೊಂಡು ನೋಡಿದರು.

"ವರ್ಷದ ಲೆಕ್ಕ ಯಾಕಾಕ್ದೆ? ನಂಗೆ ವರ್ಷ ಎಲ್ಲಪ್ಪ ಮುಗೀತದೆ? ಕಿಲೋಮೀಟ್ರೇ ಮೊದ್ಲು ಮುಗಿಯಾದು."

ಮೀಟರ್ ನೋಡಿ ಅಂದರು. 26,412. ಹದಿನೈದೇ ತಿಂಗಳಿಗೆ. ತಿಂಗಳಿಗೆ 26 ದಿನ ಅಂದರೂ 1,690 ಕಿ.ಮೀ. ಕಂಪನಿಯ 3 ವರ್ಷದ ವಾರಂಟಿ ಇನ್ನೆರಡು ತಿಂಗಳಿಗೆ, ಅಂದರೆ ಹದಿನೇಳನೇ ತಿಂಗಳಿಗೆ ಖಲಾಸ್. ನಾನು "2 ವರ್ಷ" ಅಂತ ಕುದುರಿಸೋಕೆ ಹೊರಟಿದ್ದ ಚಿಕ್ಕ ಪ್ಲಾನಿನ 20,000 ಕಿ.ಮೀ. ಅವರಿಗೆ ಒಂದೇ ವರ್ಷ. ದೊಡ್ಡದರ 3 ವರ್ಷ ಅಂದರೆ ಎರಡು ವರ್ಷ. ಕಿಲೋಮೀಟರಿನಿಂದ ಭಾಗಿಸಿದರೆ ಚಿಕ್ಕದು ಸುಮಾರು 12 ಪೈಸೆ, ದೊಡ್ಡದು 9 ಪೈಸೆಯೂ ಇಲ್ಲ. ವಾರಕ್ಕೊಮ್ಮೆ ಗಾಡಿ ತೆಗೆದು ಕಾಫಿ ಕುಡಿಯೋಕೆ ಹೋಗೋ ನನ್ನಂಥವನಿಗೂ ಅವರಿಗೂ ಒಂದೇ ರೇಟು, ಒಂದೇ ಕಾಗದ. ಆದರೆ ನನಗೆ ಸಿಗೋದು ವರ್ಷಗಳು, ಅವರಿಗೆ ಸಿಗೋದು ಅದರ ಮೂರರಲ್ಲಿ ಎರಡು ಪಾಲೋ ಅರ್ಧವೋ.

"ಕಂತು ಇನ್ನ 21 ತಿಂಗ್ಳದೆ. ಅದು ಮುಗಿಯಾಗಂಟ ಗಾಡಿ ನಿಲ್ಬಾರ್ದು. ನಿಂತ್ರೆ ಕಂತೂ ಕಟ್ಬೇಕು, ಕೂಲೀನೂ ಹೋಯ್ತದೆ."

ಚಿಕ್ಕ ಪ್ಲಾನ್ ತಗೊಂಡರೆ ಇಪ್ಪತ್ತೊಂಬತ್ತನೇ ತಿಂಗಳಿಗೆ ಮುಗಿಯುತ್ತೆ, ಆಮೇಲೂ ಏಳು ಕಂತು ಬಾಕಿ. ದೊಡ್ಡದಾದರೆ ನಲವತ್ತೊಂದನೇ ತಿಂಗಳವರೆಗೆ ಬರುತ್ತೆ. ಅವರು ಹೂಂ ಊಹೂಂ ಅನ್ನದೇ ಸುಮ್ಮನಿದ್ದದ್ದು ಗೊತ್ತಾಗದೇ ಅಲ್ಲ, ಈ ಲೆಕ್ಕ ಹಾಕಿಕೊಂಡು.

ಇನ್ನು, ಈ ವಾರಂಟಿ ಬೇಕೇ ಬೇಕಾ ಅನ್ನೋ ಪ್ರಶ್ನೆ. ಅವರ ಹಳ್ಳಿಯ ಬಸ್ ಸ್ಟ್ಯಾಂಡಿನ ಮರದ ಕೆಳಗೆ ಒಬ್ಬ ಮೆಕ್ಯಾನಿಕ್ ಇದ್ದಾರೆ. ಭಾವನ ಹಳೇ ಗಾಡಿಯನ್ನ ಹನ್ನೊಂದು ವರ್ಷ ಸಾಕಿದ್ದು ಅವರೇ, ಎಷ್ಟೋ ಸಲ ಸಾಲದ ಮೇಲೆ. ಅವರೇ ಹೇಳಿದ್ದರಂತೆ, "ಕಾರ್ಬ್ಯುರೇಟರ್ ಆಗಿದ್ರೆ ನಾನ್ ನೋಡ್ಕೊತಿದ್ದೆ. ಇದು ನನ್ ಕೈಲಾಗಲ್ಲ, ವಾರಂಟಿ ಹಾಕ್ಸ್ಕೊ" ಅಂತ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಕಮ್ಯೂಟರ್ ಗಾಡಿಗಳಿಗೂ ಫ್ಯೂಯೆಲ್ ಇಂಜೆಕ್ಷನ್, ಸೆನ್ಸಾರು, ಅದನ್ನೆಲ್ಲ ಆಡಿಸೋ ಒಂದು ಕಂಪ್ಯೂಟರ್ ಡಬ್ಬಿ ಬಂತು. ಹೊಗೆ ಕಮ್ಮಿಯಾಯ್ತು, ಒಳ್ಳೇದೇ. ಆದರೆ ಸ್ಪ್ಯಾನರ್ ಹಿಡಿದು ಬದುಕಿದ್ದ ಅರ್ಧ ವಿದ್ಯೆ ಮರದ ಕೆಳಗಿಂದ ಶೋರೂಮಿನ ಲ್ಯಾಪ್‌ಟಾಪಿಗೆ ಹೋಯ್ತು. ಬ್ರೇಕ್ ಶೂ, ಕ್ಲಚ್ ಪ್ಲೇಟ್, ಚೈನ್ ಸೆಟ್, ಕೇಬಲ್, ಬಲ್ಬು, ಟೈರು, ದಿನಾ ಸವೆಯೋ ಇವು ಯಾವುವೂ ಎಕ್ಸ್‌ಟೆಂಡೆಡ್ ವಾರಂಟಿಗೆ ಸೇರಲ್ಲ. ಅದು ಕಾಯೋದು ಇಂಜಿನ್, ಗೇರ್‌ಬಾಕ್ಸ್, ಈ ಡಬ್ಬಿ ಮತ್ತು ಅದರ ಬಳಗವನ್ನ. ಸಾಮಾನ್ಯಕ್ಕೆ ಕೆಡದವು, ಕೆಟ್ಟರೆ ತಿಂಗಳ ಸಂಬಳ ನುಂಗೋವು.

ನಂಜನಗೂಡಿನ ಶೋರೂಮು ಗಾಜಿನ ಗೋಡೆ, ಎಸಿ, ಟೋಕನ್. ಇಲ್ಲಿ ಅಣ್ಣ ಇಲ್ಲ, "ಸಾರ್". ಕೌಂಟರಿನ ಹುಡುಗಿ ನನ್ನ ಯಾವ ಪಟ್ಟಿಗೂ ಬಗ್ಗಲಿಲ್ಲ. "ಅದು ಸಿಸ್ಟಮ್ ರೇಟ್ ಸಾರ್, ನಮ್ಮ ಕೈಲಿಲ್ಲ." ನರಸೀಪುರದಲ್ಲಿ 3,200 ಅಂದೆ. "ಬೇಕಾದ್ರೆ ಅಲ್ಲೇ ತಗೊಳ್ಳಿ ಸಾರ್, ಎರಡೂ ಒಂದೇ ವಾರಂಟಿ." ಇದಕ್ಕೆ ನನ್ನ ಬತ್ತಳಿಕೆಯಲ್ಲಿ ಬಾಣ ಇರಲಿಲ್ಲ.

ಆಕೆ ಚಾಸಿ ನಂಬರ್ ಹಾಕಿ ಗಾಡಿಯ ಜಾತಕ ತೆಗೆದಳು. ತೆಗೆದವಳೇ ಒಂದು ಕ್ಷಣ ಸುಮ್ಮನಾದಳು. "ಮೂರನೇ ಸರ್ವೀಸ್ ಲೇಟಾಗಿದೆ ಸಾರ್. 12,000ಕ್ಕೆ ಆಗಬೇಕಿತ್ತು, 13,100ಕ್ಕೆ ಆಗಿದೆ."

ಭಾವನ ಮುಖ ನೋಡಿದೆ. ಆ ತಿಂಗಳು ಓವರ್‌ಟೈಮ್ ಇತ್ತಂತೆ, ರಜೆ ಸಿಕ್ಕಿರಲಿಲ್ಲ. ಇವರು ಬಾಯಿ ಬಿಡದೇ ಇದ್ದದ್ದಕ್ಕೆ ಇದೂ ಒಂದು ಕಾರಣ ಅಂತ ಆಗ ಹೊಳೆಯಿತು. ವಾರಂಟಿ ನಿಲ್ಲೋದೇ ಹೊತ್ತಿಗೆ ಸರಿಯಾಗಿ, ಕಂಪನಿಯ ವರ್ಕ್‌ಶಾಪಿನಲ್ಲೇ ಸರ್ವೀಸ್ ಆದರೆ ಮಾತ್ರ. ದುಡ್ಡು ಕಟ್ಟಿಸಿಕೊಂಡು, ನಾಳೆ ಇಂಜಿನ್ ಕೈಕೊಟ್ಟಾಗ "ನಿಮ್ಮ ಮೂರನೇ ಸರ್ವೀಸ್..." ಅಂದರೆ?

"ಅದಕ್ಕೆಲ್ಲ ಏನೂ ಆಗಲ್ಲ ಸಾರ್, ತಗೊಳ್ಳಿ" ಅಂದಳು ಹುಡುಗಿ.

"ಏನೂ ಆಗಲ್ಲ ಅಂತ ಬರ್ಕೊಡಿ ತಾಯಿ" ಅಂದರು ಭಾವ.

ದನಿ ಎತ್ತಲಿಲ್ಲ, ವ್ಯಂಗ್ಯವೂ ಇಲ್ಲ. ಹುಡುಗಿ ನಕ್ಕಳು. ಇವರು ನಗಲಿಲ್ಲ. ಟೋಕನ್ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತರು. ನನಗೋ ಮುಜುಗರ. ಹಿಂದೆ ಜನ ಕಾಯ್ತಾ ಇದ್ದಾರೆ, ನಮ್ಮಿಂದ ಎಲ್ಲರಿಗೂ ತೊಂದರೆ, ಬನ್ನಿ ಭಾವ ಅಂತ ಎರಡು ಸಲ ಅಂದೆ. ಮುನ್ನೂರು ರೂಪಾಯಿಗೆ ಅಷ್ಟು ಹೊತ್ತು ಕಿತ್ತಾಡಿದ ನನಗೆ ಇದಕ್ಕೆ ನಾಚಿಕೆ! ಕೊನೆಗೆ ಸರ್ವೀಸ್ ಮ್ಯಾನೇಜರ್ ಬಂದರು.

ಆ ಮನುಷ್ಯ ಒಳ್ಳೆಯವರು. ಗಾಡಿ ಸ್ಟಾರ್ಟ್ ಮಾಡಿ ಬಗ್ಗಿ ಕಿವಿಗೊಟ್ಟರು, ಆಯಿಲ್ ನೋಡಿದರು, ಲ್ಯಾಪ್‌ಟಾಪ್ ಸಿಕ್ಕಿಸಿ ಎರರ್ ಕೋಡ್ ಇದೆಯಾ ಅಂತ ನೋಡಿದರು, ಒಂದು ಸುತ್ತು ಓಡಿಸಿಕೊಂಡು ಬಂದರು. "ಚೆನ್ನಾಗಿ ಇಟ್ಟಿದೀರ" ಅಂದರು. ಜಾಬ್ ಕಾರ್ಡಿನ ಮೇಲೆ, ವಾಹನ ಪರೀಕ್ಷಿಸಿದೆ, ಮೂರನೇ ಸರ್ವೀಸ್ ತಡವಾಗಿರುವುದು ಗಮನದಲ್ಲಿದೆ, ಎಕ್ಸ್‌ಟೆಂಡೆಡ್ ವಾರಂಟಿಗೆ ಅರ್ಹ ಅಂತ ಬರೆದು, ಸಹಿ ಹಾಕಿ, ಸೀಲು ಒತ್ತಿದರು. ಅದನ್ನೇ ಕಂಪನಿಯ ಸಿಸ್ಟಮ್ಮಿಗೂ ಹಾಕಿಸಿದರು. ನಾನು ಕಡೇ ಪ್ರಯತ್ನ ಅಂತ, "ಅದೇನಾದ್ರೂ ಕಮ್ಮಿ..." ಅಂದೆ. ಮುಂದಿನ ಪೇಯ್ಡ್ ಸರ್ವೀಸಿನ ಲೇಬರ್ ಚಾರ್ಜ್ ಬಿಡ್ತೀನಿ ಅಂತ ಅದೇ ಕಾರ್ಡಿನ ಹಿಂದೆ ಬರೆದರು. ಬಿಲ್ಲು 3,540, ಒಂದು ರೂಪಾಯಿ ಇಳಿಯಲಿಲ್ಲ. ಸರ್ಟಿಫಿಕೇಟು ಅಲ್ಲೇ ಪ್ರಿಂಟಾಯ್ತು. ಭಾವ ಬೆರಳಿಟ್ಟುಕೊಂಡು ಚಾಸಿ ನಂಬರನ್ನ ಆರ್‌ಸಿ ಕಾರ್ಡಿನ ಜೊತೆ ತಾಳೆ ನೋಡಿ, 70,000 ಕಿ.ಮೀ. ಅಂತ ಇದೆಯಾ ಅಂತ ಎರಡು ಸಲ ಓದಿ, ಆಮೇಲೆ ದುಡ್ಡು ತೆಗೆದರು. ನಾನು ಕೊಡ್ತೀನಿ ಅಂದರೆ ಕೇಳಲಿಲ್ಲ.

ವಾಪಸ್ ಬರುವಾಗ ನನಗೆ 340 ರೂಪಾಯಿಯದೇ ಚಿಂತೆ. ತಿರುಮಕೂಡಲು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತಾರೆ, ಅಲ್ಲಿಯ ಗುಂಜಾ ನರಸಿಂಹಸ್ವಾಮಿಗೆ ಆ ಹೆಸರು ಬಂದಿದ್ದೂ ಅದಕ್ಕೇ. ನಾನು ಮಾತ್ರ ತಿರುಮಕೂಡಲಿನ ತಕ್ಕಡಿ ಬಿಟ್ಟು ಬಂದು ನಂಜನಗೂಡಿನಲ್ಲಿ 340 ರೂಪಾಯಿ ಹೆಚ್ಚು ತೂಗಿಸಿಕೊಂಡಿದ್ದೆ. ಹೇಳಿದ್ದಕ್ಕೆ ಭಾವ ನಕ್ಕರು. ನರಸೀಪುರದಲ್ಲಿ ತಗೊಂಡಿದ್ದರೆ ಹತ್ತು ದಿನ ಸರ್ಟಿಫಿಕೇಟಿಗೆ ಕಾಯಬೇಕು, ಅಷ್ಟರಲ್ಲಿ 600 ಕಿ.ಮೀ. ಓಡಿರುತ್ತೆ. ಸರ್ವೀಸ್ ಲೇಟಾದ ವಿಷಯ ಕೇಳಿದರೆ ಆ ಹುಡುಗನೂ ಇಲ್ಲಿಗೇ ಫೋನ್ ಮಾಡಬೇಕು.

"ಇಲ್ಲಾದ್ರೆ ಶಿಫ್ಟಿಗ್ ಹೋಗುವಾಗ ಬುಟ್ಟು, ಬರುವಾಗ ಎತ್ಕೊಂಡ್ ಬತ್ತೀನಿ. ಅಲ್ಲಾದ್ರೆ ಒಂದಿನ ರಜೆ ಹಾಕ್ಬೇಕು. ಒಂದಿನದ ಕೂಲಿ ಎಷ್ಟು ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಅಕ್ಕನ ಮದುವೆಯಾಗಿ ಒಂಬತ್ತು ವರ್ಷ, ಒಂದು ಸಲವೂ ಕೇಳಿರಲಿಲ್ಲ.

ನರಸೀಪುರದಲ್ಲಿ ಆ ಶೋರೂಮಿನ ಮುಂದೆಯೇ ಹಾದು ಬರಬೇಕು. ಭಾವ ಗಾಡಿ ನಿಲ್ಲಿಸಿ ಒಳಗೆ ಹೋಗಿ, ಅಲ್ಲೇ ತಗೊಂಡ್ಬುಟ್ಟೆ ಕಣಪ್ಪ, ಬೇಜಾರ್ ಮಾಡ್ಕೊಬೇಡ ಅಂತ ಹೇಳಿ ಬಂದರು. ಫೋನ್ ಎತ್ತದೇ ಇದ್ದರೆ ಆಗ್ತಿತ್ತಲ್ಲ ಅನ್ನೋ ಜಾತಿಯವನು ನಾನು. ಹುಡುಗ ಹೊರಗೆ ಬಂದು ನನಗೂ ಕೈ ಬೀಸಿದ.

ರಾತ್ರಿ ಊಟ ಆದ ಮೇಲೆ ಅಕ್ಕ ಸರ್ಟಿಫಿಕೇಟನ್ನ ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಟ್ಟಳು. ಭಾವ ಗೋಡೆಯಿಂದ ಹೊಸ ಒಂಟಿಕೊಪ್ಪಲ್ ಕ್ಯಾಲೆಂಡರ್ ಇಳಿಸಿಕೊಂಡು, ಪೆನ್ಸಿಲ್ ಹಿಡಿದು ಕೂತರು. ಮೂರು ತಿಂಗಳಿಗೊಂದು ಸರ್ವೀಸ್ ಬರುತ್ತೆ. ಮೀಟರ್ ಲೆಕ್ಕ ಹಾಕಿ, ಶಿಫ್ಟ್ ಲೆಕ್ಕ ಹಾಕಿ, ಮೊದಲನೆಯ ದಿನಕ್ಕೆ ಗುಂಡಗೆ ಸುತ್ತಿದರು. ಅಕ್ಕ ಬಗ್ಗಿ ನೋಡಿ, "ಆವತ್ತು ದೊಡ್ಡ ಜಾತ್ರೆ ಅಲ್ವೇನ್ರೀ? ಐದ್ ತೇರು ಎಳೀವಾಗ ನಂಜನಗೂಡಲ್ಲಿ ಕಾಲಿಡಕ್ಕೂ ಜಾಗ ಇರಲ್ಲ, ಗಾಡಿ ಎಲ್ಲಿ ಬುಡ್ತೀರಾ?" ಅಂದಳು.

ಭಾವ ರಬ್ಬರ್ ಕೇಳಿದರು. ಮಗಳು ಸ್ಕೂಲ್ ಬ್ಯಾಗಿನಿಂದ ತಂದುಕೊಟ್ಟಳು. ಆ ಗುಂಡು ಅಳಿಸಿ, ನಾಲ್ಕು ದಿನ ಹಿಂದಕ್ಕೆ ಇನ್ನೊಂದು ಹಾಕಿದರು.