ಇಲ್ಲದ ನಾಡಿನ ಭೂಪಟ

ಯಾವ ಹಡಗೂ ಮುಟ್ಟದ, ಯಾವ ರಾಯಭಾರಿಯೂ ಕಾಲಿಡದ ನಾಡೊಂದರ ಪರ್ವತಗಳನ್ನೂ ನದಿಗಳ ತಿರುವುಗಳನ್ನೂ ಹವೆಯ ವೈಪರೀತ್ಯಗಳನ್ನೂ ನಿಷ್ಠೆಯಿಂದ ಗುರುತಿಸಿ, ಅದನ್ನು ಸಚಿತ್ರ ಗ್ರಂಥವಾಗಿ ಅಚ್ಚುಮಾಡಿಸುವ ವಿದ್ವಾಂಸರು ಇದ್ದಾರೆಂದರೆ ವ್ಯವಹಾರಚತುರರು ನಗಬಹುದು. ಮೇರುವಿನ ಎತ್ತರ 84,000 ಯೋಜನವೆಂದು ಲೆಕ್ಕ ಕೊಟ್ಟ ಪೌರಾಣಿಕರ ನಾಡಿನವರಾದ ನಾವು ಮಾತ್ರ ನಗುವಂತಿಲ್ಲ.

ಇಂಗ್ಲಿಷ್ ಲೇಖಕ ಟೋಲ್ಕಿನ್ನನು 1954–55ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಮಹಾಕಥೆಗೆ ಭೂಪಟವನ್ನು ಬರೆದುಕೊಟ್ಟವನು ಆತನ ಮಗ ಕ್ರಿಸ್ಟೋಫರ್. ತಂದೆಯಾದರೋ ಭೂಪಟವನ್ನು ಮೊದಲು ಹಾಕಿಕೊಂಡು ಕಥೆಯನ್ನು ಅದಕ್ಕೆ ಹೊಂದಿಸಿದವನು. ಚಂದ್ರನ ಕಲೆಗಳು ದಿನಕ್ಕೆ ಕೂಡಿಬರಲಿಲ್ಲವೆಂದು ಬರೆದದ್ದನ್ನು ತಿದ್ದಿದವನು. ಕರ್ತೃ ಇಂಥವನಾದುದರಿಂದಲೇ, ಅಮೆರಿಕದ ಭೂಪಟತಜ್ಞೆ ಕರೆನ್ ವಿನ್ ಫಾನ್‌ಸ್ಟಡ್, ನ್ಯಾಯಾಧೀಶನು ಸಾಕ್ಷಿಯ ಹೇಳಿಕೆಯನ್ನು ಪರಿಶೀಲಿಸುವಂತೆ ಕಥೆಯ ಒಂದೊಂದು ವಾಕ್ಯವನ್ನೂ ಪರಿಶೀಲಿಸಿ, ಪಯಣಿಗರು ಯಾವ ರಾತ್ರಿ ಎಲ್ಲಿ ತಂಗಿದರು, ಯಾವ ಕದನದಲ್ಲಿ ಸೇನೆಗಳು ಎಲ್ಲಿ ನಿಂತಿದ್ದವು, ಯಾವ ಸೀಮೆಯಲ್ಲಿ ಯಾವ ಭಾಷೆ ನಡೆಯುತ್ತಿತ್ತು ಎಂಬುದನ್ನೆಲ್ಲ ನಕ್ಷೆಗಳಲ್ಲಿ ನಿರೂಪಿಸುವುದು ಸಾಧ್ಯವಾಯಿತು. ಕಥೆ ನಡೆಯುವ ನಾಡಿನ ಹೆಸರನ್ನೇ ಹೊತ್ತ 'ದಿ ಅಟ್ಲಾಸ್ ಆಫ್ ಮಿಡ್ಲ್-ಅರ್ತ್' ಎಂಬ ಆ ಗ್ರಂಥ 1981ರಲ್ಲಿ ಹೊರಬಂದು, ಹತ್ತು ವರ್ಷಗಳ ತರುವಾಯ ಪರಿಷ್ಕೃತವಾಯಿತು.

ಇಂಥ ಅಳತೆಯಿಂದ ರಸಭಂಗವಾಗದೆ? ನನಗಂತೂ ರಸ ಹೆಚ್ಚಿದಂತೆಯೇ ತೋರಿದೆ. ಓದುವಾಗ ಎಂದೆಂದಿಗೂ ಮುಗಿಯದೆನಿಸುವ, ಕಥೆಯ ಪಯಣಿಗರು ಹಾಯುವ ಮೋರಿಯಾ ಎಂಬ ಗಣಿನಗರದ ಪಾತಾಳಮಾರ್ಗವು ಪಶ್ಚಿಮದ ಬಾಗಿಲಿನಿಂದ ಪೂರ್ವದ ಬಾಗಿಲಿಗೆ ನೆಟ್ಟಗೆ ಅಳೆದರೆ ಸುಮಾರು 40 ಮೈಲಿಗಳು ಮಾತ್ರ. ಅಷ್ಟು ಅಲ್ಪದೂರವನ್ನು ಕತ್ತಲೆಯಿಂದಲೂ ಭಯದಿಂದಲೂ ಹಿಗ್ಗಿಸಿದ ಕವಿಯ ಕೌಶಲ ತಿಳಿಯುವುದು ನಕ್ಷೆಯ ಮೇಲೆ ಬೆರಳಿಟ್ಟಾಗಲೇ.

ಪ್ರಾಣಿಗಳ, ರಾಕ್ಷಸರ ಚಿತ್ರಕೋಶಗಳ ವಿಷಯದಲ್ಲಿ ನನ್ನ ಉತ್ಸಾಹ ಇಷ್ಟಿಲ್ಲ. ಡೇವಿಡ್ ಡೇ 1979ರಲ್ಲಿ ಸಿದ್ಧಪಡಿಸಿದ 'ಎ ಟೋಲ್ಕಿನ್ ಬೆಸ್ಟಿಯರಿ' ಅಂಥದೊಂದು. ನೋಡಲು ವೈಭವಯುತವಾದುದೇ ಸರಿ. ಆದರೆ ಮೋರಿಯಾದ ಆಳದಿಂದ ಎದ್ದುಬರುವ ಬಾಲ್‌ರಾಗ್ ಎಂಬ ಅಗ್ನಿಪಿಶಾಚಿಗೆ ನಿಜವಾದ ರೆಕ್ಕೆಗಳಿದ್ದವೋ, ರೆಕ್ಕೆಯಂತೆ ಹರಡಿದ ನೆರಳು ಮಾತ್ರವಿದ್ದಿತೋ ಎಂಬುದನ್ನು ಕಥೆ ಸಂದಿಗ್ಧವಾಗಿಯೇ ಬಿಟ್ಟಿದೆ. ಓದುಗರು ಇಂದಿಗೂ ವಾದಿಸುತ್ತಾರೆ. ಕುಂಚ ಹಿಡಿದವನಿಗೆ ಆ ಸ್ವಾತಂತ್ರ್ಯವಿಲ್ಲ: ಆತ ರೆಕ್ಕೆಯನ್ನು ಬರೆಯಲೇಬೇಕು, ಇಲ್ಲವೆ ಬಿಡಲೇಬೇಕು, ಬರೆದನೋ, ನನ್ನ ಮನಸ್ಸಿನ ಪಿಶಾಚಿ ಅಲ್ಲಿಗೆ ಅಳಿಯಿತು. ನಕ್ಷೆಯು ದಾರಿಯನ್ನು ತೋರಿಸಿ, ಮುಖವನ್ನು ನಮಗೆ ಬಿಡುತ್ತದೆ.

ಕಥೆಯನ್ನು ಇನ್ನೂ ಓದದವರು ದಯಮಾಡಿ ಆ ಅಟ್ಲಾಸನ್ನು ಮೊದಲು ತೆರೆಯಬಾರದು. ಯಾರು ಎಲ್ಲಿಗೆ ಹೋಗಿ ಮುಟ್ಟಿದರೆಂಬುದನ್ನು ಅದು ಗೆರೆ ಎಳೆದು ಹೇಳಿಬಿಡುತ್ತದೆ.