ಸ್ವರ ಒಂದೇ, ಹೆಸರು ಬೇರೆ

ಸ್ಮರಣ ಸಂಚಿಕೆಗೆ ಒಂದು ಲೇಖನ ಕಳುಹಿಸಬೇಕೆಂದು ಶಾಲೆಯಿಂದ ಪತ್ರ ಬಂದಾಗ, ನನ್ನ ಅಧ್ಯಾಪಕ ಜೀವನದ ಒಂದು ತಪ್ಪೇ ಮೊದಲು ನೆನಪಿಗೆ ಬಂದಿತು. ಹಳೆಯ ವಿದ್ಯಾರ್ಥಿಯಾದ ನಾನು ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ಆಗ ನಾನು ಬೇರೊಂದು ಊರಿನಲ್ಲಿ ಉಪಾಧ್ಯಾಯನಾಗಿದ್ದೆ. ವಾರ್ಷಿಕೋತ್ಸವಕ್ಕಾಗಿ ಪಿಟೀಲು ನುಡಿಸುವ ಮಕ್ಕಳಿಗೆ ಒಂದು ಗೀತೆಯ ಮಟ್ಟನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದುಕೊಡುವ ಭಾರವನ್ನು ವಹಿಸಿಕೊಂಡಿದ್ದೆ. ಮಟ್ಟು ಡಿ ಮೇಜರ್ ಶ್ರೇಣಿಯದು. ಹಾರ್ಮೋನಿಯಂ ಮಾತ್ರ ಬಲ್ಲ ನನಗೆ ಎಫ್ ಮತ್ತು ಜಿಗಳ ನಡುವಣ ಕಪ್ಪು ಪಟ್ಟಿ ಒಂದೇ. ಅದನ್ನು ಎಫ್ ಶಾರ್ಪ್ ಎಂದರೇನು, ಜಿ ಫ್ಲ್ಯಾಟ್ ಎಂದರೇನು? ಜಿ ಫ್ಲ್ಯಾಟ್ ಎಂದೇ ಬರೆದೆ. ಅಭ್ಯಾಸದ ವೇಳೆ ಒಬ್ಬ ಬಾಲಕನು ಒಂದೇ ಎಡೆಯಲ್ಲಿ ಮತ್ತೆ ಮತ್ತೆ ಅಪಸ್ವರ ನುಡಿಸಿದನು. ಎಲ್ಲರ ಎದುರಿಗೆ ಗದರಿದೆ. ಅವನು ಮರುಮಾತಾಡದೆ ಪಿಟೀಲನ್ನು ಕೆಳಗಿಟ್ಟನು.

ಅಲ್ಲಿದ್ದ ವೃದ್ಧ ಪಿಟೀಲು ವಿದ್ವಾಂಸರೊಬ್ಬರು ಕಾಗದವನ್ನು ನೋಡಿ, “ಮಾಸ್ತರೇ, ಹುಡುಗ ತಾವು ಬರೆದದ್ದನ್ನೇ ನುಡಿಸಿದ್ದಾನೆ” ಎಂದರು. ಫ್ಲ್ಯಾಟ್ ಚಿಹ್ನೆ ಒಮ್ಮೆ ಬಂದರೆ ಆ ತಾಳಖಂಡ ಮುಗಿಯುವವರೆಗೂ ಆ ಸ್ವರಕ್ಕೆ ಅನ್ವಯಿಸುತ್ತದೆ. ಅದೇ ಖಂಡದಲ್ಲಿ ಮುಂದೆ ಬರಿಯ ಜಿ ಬೇಕಾದರೆ ನ್ಯಾಚುರಲ್ ಚಿಹ್ನೆ ಹಾಕಬೇಕು, ನಾನು ಹಾಕಿರಲಿಲ್ಲ. ಎಫ್ ಶಾರ್ಪ್ ಎಂದು ಬರೆದಿದ್ದರೆ ಈ ತೊಡಕೇ ಉಂಟಾಗುತ್ತಿರಲಿಲ್ಲ. ಏಳು ಮೆಟ್ಟಿಲುಗಳಿಗೆ ಏಳು ಅಕ್ಷರಗಳು: ಡಿ, ಇ, ಎಫ್ ಶಾರ್ಪ್, ಜಿ, ಎ, ಬಿ, ಸಿ ಶಾರ್ಪ್. ನನ್ನ ಬರಹದಲ್ಲಿ ಎಫ್ ಮಾಯವಾಗಿ ಜಿ ಎರಡು ಸಲ ಬಂದಿತ್ತು.

ವಾಸ್ತವವಾಗಿ ಈ ತತ್ತ್ವ ನಮಗೆ ಹೊಸದಲ್ಲ. ಕರ್ನಾಟಕ ಸಂಗೀತದಲ್ಲಿ ಸ್ವರಸ್ಥಾನಗಳು 12, ಹೆಸರುಗಳು 16. ಚತುಃಶ್ರುತಿ ರಿಷಭಕ್ಕೂ ಶುದ್ಧ ಗಾಂಧಾರಕ್ಕೂ ಸ್ಥಾನ ಒಂದೇ. 17ನೆಯ ಶತಮಾನದಲ್ಲಿ ವೆಂಕಟಮಖಿ ರೂಪಿಸಿದ 72 ಮೇಳಗಳ ಯೋಜನೆ ಈ ಇಮ್ಮಡಿ ಹೆಸರುಗಳನ್ನೇ ಆಧರಿಸಿ ನಿಂತಿದೆ. ಇಂದು ಬಳಕೆಯಲ್ಲಿರುವ ಮೇಳಗಳ ಪಟ್ಟಿಯಲ್ಲಿ ಮೊದಲನೆಯದಾದ ಕನಕಾಂಗಿಯಲ್ಲಿ ಆ ಸ್ವರವನ್ನು ಗಾಂಧಾರವೆಂದೇ ಕರೆಯಬೇಕು. ರಿಷಭವೆಂದರೆ ರಿಷಭಗಳು ಎರಡಾಗಿ ಗಾಂಧಾರವೇ ಇಲ್ಲವಾಗುತ್ತದೆ.

ಮರುದಿನ ತಿದ್ದಿದ ಪ್ರತಿಗಳನ್ನು ಹಂಚಿ, ತಪ್ಪು ನನ್ನದೆಂದು ಅದೇ ಮಕ್ಕಳೆದುರು ಹೇಳಿದೆ. ಬಾಲಕನು ತಲೆ ತಗ್ಗಿಸಿಯೇ ಪಿಟೀಲನ್ನು ಕೈಗೆತ್ತಿಕೊಂಡನು. ಆ ಎಡೆ ಸಲೀಸಾಗಿ ಸಾಗಿತು. ಶಿಷ್ಯನು ತಪ್ಪಿದಾಗ ಮೊದಲು ನಾನು ಬರೆದುಕೊಟ್ಟದ್ದನ್ನು ನೋಡುವ ಅಭ್ಯಾಸ ಅಂದಿನಿಂದ ನನ್ನಲ್ಲಿ ಉಳಿದಿದೆ.